ಎಕ್ಸ್‌ಪೆಕ್ಟ್ ಅನ್ನಬೇಕೋ, ಹೋಪ್ ಅನ್ನಬೇಕೋ

ಕಾಯುವುದು ನನ್ನ ಕೈಲಿ ಆಗದ ಕೆಲಸ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ‘ಈ ಮನುಷ್ಯನೇಕೆ ಹೀಗೆ’ ಎಂದು ನೀವು ಕೇಳುವುದು ಬೇಡ. ಕೆಲವರನ್ನು ಮಾಡುವಾಗ ದೇವರು ತಾಳ್ಮೆ ಹಾಕುವುದನ್ನು ಮರೆಯುತ್ತಾನೆ ಅನ್ನುತ್ತಾರೆ. ನನ್ನ ವಿಷಯದಲ್ಲಿ ದೇವರ ತಪ್ಪಿಲ್ಲ. ಅವನು ತಾಳ್ಮೆಯ ಡಬ್ಬಿ ಹುಡುಕುತ್ತಿದ್ದಾಗ ‘ಇರಲಿ ಬಿಡ್ರಿ, ಹಂಗ ನಡೀತೈತಿ’ ಎಂದು ನಾನೇ ಎದ್ದು ಬಂದಿರಬೇಕು. ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ನನ್ನನ್ನು ಕಂಡರೆ ಕಿಟಕಿಯಿಂದಲೇ ಕೈಯಾಡಿಸುತ್ತಾರೆ. ‘ಮಾಸ್ತರ್ರ, ನೀವು ಕೇಳಿದ್ರ ಬಸ್ಸು ಲಗೂ ಬರೂದಿಲ್ರಿ’ ಅನ್ನುತ್ತಾರೆ. ಚಹಾ ಕುದಿಯುವ ಮೊದಲೇ ಸೋಸಿಕೊಂಡು ಬಿಸಿನೀರು ಕುಡಿದಿದ್ದೇನೆ. ದವಾಖಾನೆಯಲ್ಲಿ ಪಾಳಿ ಬರುವ ಮೊದಲೇ ಜ್ವರ ಬಿಟ್ಟಿತೆಂದು ಹೇಳಿ, ಜ್ವರದ ಸಮೇತ ಮನೆಗೆ ಬಂದಿದ್ದೇನೆ. ನಮ್ಮಾಕಿಯಂತೂ ನಾನು ಮನೆಯಲ್ಲಿದ್ದಾಗ ಹೋಳಿಗೆಗೆ ಬೇಳೆ ಇಡುವುದಿಲ್ಲ. ‘ಬೇಳಿ ಬೆಂದೈತೇನು ಅಂತ ಮುಚ್ಚಳಾ ತಗದೂ ತಗದೂ ಅದನ್ನ ಬೇಯಾಕ ಬಿಡೂದಿಲ್ಲ ನೀವು’ ಅನ್ನುತ್ತಾಳೆ. ಅವಳ ಮಾತು ಖರೆ.

ಇಂಥ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಅದರಲ್ಲೂ ಪ್ರತಿ ವರ್ಷ ಹತ್ತನೆಯ ತರಗತಿಗೆ ಅತ್ಯಂತ ಹುರುಪಿನಿಂದ ಕಲಿಸುವ ಪಾಠ ಯಾವುದು ಅಂದರೆ, ನಿರೀಕ್ಷೆಯ ಕ್ರಿಯಾಪದಗಳು. ಎಕ್ಸ್‌ಪೆಕ್ಟ್, ಹೋಪ್, ವೇಟ್, ಲುಕ್ ಫಾರ್ವರ್ಡ್ ಟು. ನಮ್ಮ ಮಕ್ಕಳು ನಾಲ್ಕಕ್ಕೂ ಒಂದೇ ಅರ್ಥ ಬರೆಯುತ್ತಾರೆ, ‘ಹಾದಿ ನೋಡೋದು’ ಎಂದು. ಹಾಗಲ್ಲ ಅನ್ನುತ್ತೇನೆ. ಬರುತ್ತದೆ ಎಂಬ ಖಾತ್ರಿಯಿದ್ದರೆ ಎಕ್ಸ್‌ಪೆಕ್ಟ್. ಖಾತ್ರಿಯಿಲ್ಲ, ಆದರೆ ಬಂದರೆ ಚಲೋ ಅಂತ ಆಸೆ ಇದ್ದರೆ ಹೋಪ್. ಖಾತ್ರಿಯೋ ಆಸೆಯೋ ಏನಾದರೂ ಇರಲಿ, ಸುಮ್ಮನೆ ಹೊತ್ತು ಕಳೆಯುತ್ತ ನಿಂತಿದ್ದರೆ ವೇಟ್. ಬರುವುದನ್ನು ನೆನೆಸಿ ನೆನೆಸಿ ಈಗಿನಿಂದಲೇ ಖುಷಿಪಟ್ಟರೆ ಲುಕ್ ಫಾರ್ವರ್ಡ್ ಟು. ಹಿಂದೊಮ್ಮೆ ಚಿಕ್ಕನರಗುಂದದಿಂದ ಬರುತ್ತಿದ್ದ ಒಬ್ಬ ಹುಡುಗಿಗೆ ಸ್ವಂತ ವಾಕ್ಯ ಮಾಡು ಅಂದೆ. ಅವಳು ಎದ್ದು ನಿಂತು, ‘ಐ ಹೋಪ್ ಟು ಪಾಸ್, ಬಟ್ ಐ ಎಕ್ಸ್‌ಪೆಕ್ಟ್ ಟು ಫೇಲ್’ ಅಂದಳು. ನನ್ನ ಇಡೀ ನೌಕರಿಯಲ್ಲಿ ಇಷ್ಟು ಸರಿಯಾದ ವಾಕ್ಯ ಕೇಳಿಲ್ಲ. ಆಕೆ ಪಾಸೂ ಆದಳು. ಆ ವಾಕ್ಯವನ್ನು ಇವತ್ತಿಗೂ ಬೋರ್ಡಿನ ಮೇಲೆ ಬರೆದು ಬೀಗುತ್ತೇನೆ.

ಈ ವರ್ಷ ಆ ಪಾಠ ಬಂದದ್ದು ಮಾತ್ರ ಬಹಳ ಕೆಟ್ಟ ಹೊತ್ತಿನಲ್ಲಿ. ಕಡಲೆ ಸುಗ್ಗಿ ಶುರುವಾಗಿತ್ತು. ನನ್ನ ಒಬ್ಬಳೇ ಮಗಳು ವೀಣಾಳನ್ನು ನೋಡಲು ಗಜೇಂದ್ರಗಡದವರು ಬಂದು ಹೋಗಿದ್ದರು. ವೀಣಾ ಫಾರ್ಮಸಿ ಓದಿದವಳು, ನಮ್ಮೂರ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ರೋಣದ ಕಡೆ ದನದ ಡಾಕ್ಟರ್. ಅವನ ತಂದೆಗೆ ಗಜೇಂದ್ರಗಡದಲ್ಲಿ ದಲಾಲಿ ಅಂಗಡಿ. ರೈತರು ತಂದ ಕಾಳನ್ನು ವ್ಯಾಪಾರಿಗಳಿಗೆ ಮಾರಿಸಿಕೊಡುವ ವ್ಯವಹಾರ. ಸಂಬಂಧ ತೋರಿಸಿದವರು ಜಕ್ಕಲಿಯಲ್ಲಿರುವ ನಮ್ಮಾಕಿಯ ಅಣ್ಣ. ಇದಕ್ಕೆ ಮೊದಲು ಮೂರ್ನಾಲ್ಕು ಕಡೆಯವರು ಬಂದು ಅವಲಕ್ಕಿ ತಿಂದು ಹೋಗಿದ್ದರು. ಆಗೆಲ್ಲ ವೀಣಾ ಅವರು ಓಣಿ ದಾಟುವ ಮೊದಲೇ ಸೀರೆ ಬಿಚ್ಚಿಟ್ಟು ಚೂಡಿದಾರ ಹಾಕಿಕೊಂಡು, ‘ಅವ್ವಾ, ಉಳದಿದ್ದ ಅವಲಕ್ಕಿ ಕೊಡು’ ಅನ್ನುತ್ತಿದ್ದಳು. ಈ ಸಲ ಸಂಜೆಯವರೆಗೂ ಸೀರೆಯಲ್ಲೇ ಇದ್ದಳು. ಅವಲಕ್ಕಿ ಕೇಳಲೂ ಇಲ್ಲ. ಊಟಕ್ಕೆ ಕೂತಾಗ ಯಾರೂ ಕೇಳದಿದ್ದರೂ, ‘ಆಕಳಾ ಎಮ್ಮಿ ಅಷ್ಟ ಅಲ್ಲಂತವ್ವಾ, ಕುರಿ ಹಡೀಲಾರದ್ದಕ್ಕೂ ಕರೀತಾರಂತ ಅವರನ್ನ’ ಅಂದಳು. ನಮ್ಮಾಕಿ ನನ್ನ ಕಡೆ ನೋಡಿದಳು. ನನಗೂ ತಿಳಿಯಿತು.

ಹುಡುಗ ನನಗೂ ಹಿಡಿಸಿದ್ದ. ಮಾತು ಕಡಿಮೆ, ನಗು ಜಾಸ್ತಿ. ಗಜೇಂದ್ರಗಡ ಅಂದರೆ ದೂರವೂ ಅಲ್ಲ, ರೋಣದಲ್ಲಿ ಬಸ್ಸು ಬದಲಿಸಿದರೆ ಮುಗಿಯಿತು. ಹೋಗುವಾಗ ಅವನ ತಂದೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ‘ಚಲೋ ಆತ್ರಿ ಮಾಸ್ತರ್ರ, ಬರೋ ಐತವಾರ ನಮ್ಮ ಕಡೀಗೂ ಒಮ್ಮೆ ಬರ್ರಿ’ ಅಂದರು. ನಾನು ‘ಬರ್ತೀವ್ರಿ, ಬರ್ತೀವಿ’ ಎಂದು ಕೈಮುಗಿದೆ. ಅವರ ಕಾರು ಹೊರಟಿತು. ಕಾರಿನ ಧೂಳು ಇಳಿಯುವ ಮೊದಲೇ ನಾನು ಫೋನು ನೋಡಲು ಶುರುಮಾಡಿದೆ.

ಅವತ್ತು ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ. ದೊಡ್ಡವರು, ನಾಲ್ಕು ಮಂದಿಯನ್ನು ಕೇಳಿ ಹೇಳಬೇಕು, ಇರಲಿ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಹಲ್ಲುಜ್ಜುವಷ್ಟು ಹೊತ್ತು ಇತ್ತು. ಒಂದು ವಾರ ಹೋಯಿತು. ಐತವಾರ ಇಡೀ ದಿನ ಕಟ್ಟೆಯ ಮೇಲೆ ಫೋನು ತೊಡೆಯ ಮೇಲಿಟ್ಟುಕೊಂಡು ಕೂತೆ. ಸಾಲ ಬೇಕೇನು ಎಂದು ಕೇಳುವ ಹೆಣ್ಣುಮಗಳೊಬ್ಬಳು ಫೋನ್ ಮಾಡಿದರೆ, ಗಜೇಂದ್ರಗಡದ ಬೀಗಿತ್ತಿಯೇ ಇರಬೇಕೆಂದು ‘ನಮಸ್ಕಾರ್ರಿ, ಎಲ್ಲಾರೂ ಆರಾಮದೀರಿ?’ ಎಂದು ಕೇಳಿದೆ. ಆಕೆಗೆ ಜೀವನದಲ್ಲಿ ಯಾರೂ ಹಾಗೆ ಕೇಳಿರಲಿಲ್ಲವೆಂದು ಕಾಣುತ್ತದೆ, ಪಾಪ, ಸಾಲದ ಮಾತೇ ಮರೆತಳು. ‘ಒಂದು ಫೋನ್ ಮಾಡಿ ಕೇಳಿಬಿಡ್ಲೇನು?’ ಎಂದು ನಮ್ಮಾಕಿಯನ್ನು ಕೇಳಿದೆ. ‘ಹೆಣ್ಣಿನ ಕಡ್ಯಾವ್ರು ತಾವಾಗೇ ಫೋನ್ ಮಾಡ್ತಾರೇನ್ರಿ ಎಲ್ಯಾರ? ಮಗಳು ಮನ್ಯಾಗ ಭಾರ ಆಗ್ಯಾಳಂತ ತಿಳಕೋತಾರ. ಗಪ್ ಕುಂದ್ರಿ’ ಅಂದಳು. ಜಕ್ಕಲಿಯ ಅಣ್ಣನಿಗಾದರೂ ಫೋನ್ ಮಾಡೋಣವೆಂದರೆ ಅವರ ನಿಯಮವೇ ಬೇರೆ. ‘ಎರಡೂ ಮನಿ ಕೂಡಿಸೂದಷ್ಟ ನನ್ನ ಕೆಲಸ, ಹೂಂ ಉಹೂಂ ಅವರ ಬಾಯಿಂದ್ಲೇ ಬರ್ಬೇಕು’ ಎಂದು ಅವರು ಮೊದಲೇ ಹೇಳಿದ್ದರು.

ಶಾಲೆಯಲ್ಲಾದರೂ ಮರೆಯೋಣವೆಂದರೆ ಅಲ್ಲಿ ಇದೇ ಪಾಠ. ಬೋರ್ಡಿನ ಮೇಲೆ ‘ವೀ ಎಕ್ಸ್‌ಪೆಕ್ಟ್ ಗೆಸ್ಟ್ಸ್ ಟುಡೇ’ ಎಂದು ಬರೆದು ಮಕ್ಕಳ ಕಡೆ ತಿರುಗುವಷ್ಟರಲ್ಲಿ ನನ್ನ ಕೈ ಕಿಸೆಯ ಮೇಲೆ ಹೋಗಿರುತ್ತಿತ್ತು. ಕಿಸೆಯಲ್ಲಿ ಫೋನು ನಡುಗಿದರೆ ಸುಣ್ಣದಕಡ್ಡಿ ಕೆಳಗೆ ಬೀಳುತ್ತಿತ್ತು. ಯಾರೋ ಶುಭೋದಯದ ಗುಲಾಬಿ ಹೂವು ಕಳಿಸಿರುತ್ತಿದ್ದರು. ನಮ್ಮ ಕಡೆ ಹೊತ್ತು ಮುಳುಗುವವರೆಗೂ ಶುಭೋದಯ ಕಳಿಸುವ ಮಂದಿ ಇದ್ದಾರೆ. ಸ್ಟಾಫ್‌ರೂಮಿನಲ್ಲಿ ಕೂತರೆ ಕೂಡ್ರಲಾರೆ, ನಿಂತರೆ ನಿಲ್ಲಲಾರೆ. ‘ಏನ್ರಿ ಸರ್, ಮೂಲವ್ಯಾಧಿ ಏನರ ಆಗೈತೇನು?’ ಎಂದು ಡ್ರಿಲ್ ಮಾಸ್ತರರು ಅತ್ಯಂತ ಕಾಳಜಿಯಿಂದ ಕೇಳಿದರು. ಹೌದೆಂದು ಹೇಳಿಬಿಟ್ಟೆ. ಮರುದಿನ ಅವರು ಮನೆಯಿಂದ ಮಜ್ಜಿಗೆ ತಂದುಕೊಟ್ಟರು, ಕುಡಿದೆ. ಮಗಳ ವಿಷಯ ಊರ ಬಾಯಿಗೆ ಬೀಳುವುದಕ್ಕಿಂತ ಮೂಲವ್ಯಾಧಿ ಎಷ್ಟೋ ಮೇಲು.

ಎರಡನೆಯ ಐತವಾರವೂ ಹಾಗೆಯೇ ಕಳೆಯಿತು. ನನ್ನ ಒದ್ದಾಟವನ್ನು ನಾನು ಹೇಗೋ ತಡೆದುಕೊಳ್ಳುತ್ತಿದ್ದೆ, ಅಥವಾ ಮನೆಯವರು ತಡೆದುಕೊಳ್ಳುತ್ತಿದ್ದರು. ಆದರೆ ಅವತ್ತು ಸಂಜೆ ವೀಣಾ ರೊಟ್ಟಿ ಮುರಿಯುತ್ತ ತಲೆ ಎತ್ತದೆ, ‘ಅಪ್ಪಾ, ಬ್ಯಾಡಾಗಿದ್ರ ಬ್ಯಾಡ ಅಂತರ ಹೇಳ್ಬೇಕಲ್ಲ ಅವರು. ಬ್ಯಾಡಂದ್ರ ನನಗೇನೂ ಆಗೂದಿಲ್ಲ. ಏನೂ ಅನ್ನದ ಬಿಟ್ರ ಹ್ಯಾಂಗ?’ ಅಂದಳು. ಅಷ್ಟು ಹೇಳಿ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದಳು. ಬಿಸಿ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹಿಂಡಿ. ಇದನ್ನು ಬಿಟ್ಟು ಏಳುವ ಹುಡುಗಿಯೇ ಅಲ್ಲ ಅವಳು. ಸಿಟ್ಟು ಬಂತು, ಗಜೇಂದ್ರಗಡದ ಮೇಲೆ, ಅಲ್ಲಿಗೆ ಹೋಗುವ ಬಸ್ಸಿನ ಮೇಲೆ, ಹೆಣ್ಣಿನ ಕಡೆಯವರು ಬಾಯಿ ಮುಚ್ಚಿಕೊಂಡಿರಬೇಕೆಂದು ಪದ್ಧತಿ ಮಾಡಿದ ಪುಣ್ಯಾತ್ಮನ ಮೇಲೆ.

ಆಗ ನನಗೆ ಇಂಗ್ಲಿಷಿನ ನೆನಪಾಯಿತು. ಕನ್ನಡದಲ್ಲಿ ‘ಏನು ಮಾಡಿದ್ರಿ?’ ಎಂದು ಕೇಳಿದರೆ ಮರ್ಯಾದೆ ಹೋಗುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ ಆಫೀಸಿನ ಪತ್ರದಂತೆ ಕಾಣುತ್ತದೆ, ಯಾರ ಮಗಳೂ ಭಾರವಾಗುವುದಿಲ್ಲ. ಹುಡುಗನ ತಂದೆಗೆ ಒಂದು ಸಾಲಿನ ಮೆಸೇಜ್ ಕಳಿಸುವುದೆಂದು ನಿಶ್ಚಯಿಸಿ ಕಟ್ಟೆಯ ಮೇಲೆ ಕೂತೆ. ‘ವೀ ಎಕ್ಸ್‌ಪೆಕ್ಟ್ ಯುವರ್ ರಿಪ್ಲೈ’ ಎಂದು ಬರೆದೆ. ಓದಿದರೆ ಸಾಹೇಬರು ಗುಮಾಸ್ತನಿಗೆ ನೋಟಿಸು ಕೊಟ್ಟಂತಿತ್ತು, ಅಳಿಸಿದೆ. ‘ವೀ ಹೋಪ್’ ಎಂದು ಶುರುಮಾಡಿದೆ. ಅದು ಸೆರಗೊಡ್ಡಿ ಬೇಡಿದಂತಾಯಿತು. ‘ವೀ ಆರ್ ವೇಟಿಂಗ್’ ಎಂದರೆ ನೂರಕ್ಕೆ ನೂರು ಸತ್ಯ, ಆದ್ದರಿಂದ ಅದನ್ನಂತೂ ಬರೆಯುವ ಹಾಗೇ ಇರಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಪಟಪಟ ಹೇಳಿಕೊಟ್ಟ ನಾಲ್ಕು ಪದಗಳಲ್ಲಿ ನನ್ನ ಕೆಲಸಕ್ಕೆ ಒಂದೂ ಬರಲೊಲ್ಲದು. ಕೊನೆಗೆ ‘ವೀ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಎಂದು ಒತ್ತಿ ಕಳಿಸಿ, ಫೋನನ್ನು ಬೋರಲು ಹಾಕಿ, ಮರುಗಳಿಗೆ ಎತ್ತಿ ನೋಡಿದೆ.

ಉತ್ತರ ಬಂದೇಬಿಟ್ಟಿತು. ‘ವೀ ಆರ್ ಆಲ್ಸೋ ವೇಟಿಂಗ್ ಸರ್’ ಎಂದಿತ್ತು, ಕೊನೆಗೆ ಕೈಮುಗಿದ ಚಿತ್ರ. ನಾನು ನಮ್ಮಾಕಿಗೆ ಓದಿ ಹೇಳಿದೆ. ಅವರೂ ಕಾಯುತ್ತಿದ್ದಾರೆ ಅಂದರೆ ಏನರ್ಥ? ಯಾರಿಗಾಗಿ, ಏತಕ್ಕಾಗಿ ಎಂದು ಬರೆದಿಲ್ಲ. ನನ್ನ ವಿದ್ಯಾರ್ಥಿಯಾಗಿದ್ದರೆ ಒಂದು ಅಂಕ ಕತ್ತರಿಸುತ್ತಿದ್ದೆ. ನಮ್ಮಾಕಿ ತುಸು ಹೊತ್ತು ವಿಚಾರ ಮಾಡಿ, ‘ಇನ್ನೊಂದು ಕನ್ಯಾ ನೋಡಿರಬೇಕು. ಅಲ್ಲಿಂದ ಸುದ್ದಿ ಬರೂಮಟಾ ನಮ್ಮನ್ನ ಹಂಗ ಇಟಗೊಂಡಾರ’ ಅಂದಳು. ಸರಿ ಅನ್ನಿಸಿತು. ಕೈಮುಗಿದದ್ದರ ಅರ್ಥವೂ ಹೊಳೆಯಿತು, ನಿಮಗೊಂದು ದೊಡ್ಡ ನಮಸ್ಕಾರ ಎಂದು. ಇದನ್ನು ಮಗಳಿಗೆ ಹೇಗೆ ಹೇಳುವುದು ಎಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು. ಹೇಳಲಿಲ್ಲ.

ಮಂಗಳವಾರ ಮಧ್ಯಾಹ್ನ ಜಕ್ಕಲಿಯಿಂದ ಫೋನು ಬಂತು. ನಿಯಮ ಮುರಿದು ನಮ್ಮಾಕಿಯ ಅಣ್ಣನೇ ಮಾಡಿದ್ದರು. ‘ಹಲೋ’ ಸಹ ಅನ್ನಲಿಲ್ಲ.

‘ಅಲ್ರಿ ಮಾಸ್ತರ್ರ, ನಿಮಗ ಸಂಬಂಧ ಬ್ಯಾಡಾಗಿದ್ರ ಬ್ಯಾಡ ಅಂತ ಹೇಳೂದು ಬಿಟ್ಟು, ಹಿಂಗ ಯಾಕ ಮಾಡಿದ್ರಿ?’

‘ನಾವೇನು ಮಾಡಿದ್ವಿ? ಅವರ ಸುದ್ದಿ ಇಲ್ಲ.’

‘ಅವರ ಸುದ್ದಿ ಇಲ್ಲಂತ ನೀವು ಅಂತೀರಿ. ರೋಣದ ಸಂತ್ಯಾಗ ಭೆಟ್ಟಿ ಆಗಿದ್ರು ಅವರು. ಮುಖಾ ಸಣ್ಣದು ಮಾಡಿಕೊಂಡು ನಿಂತಿದ್ರು. ಐತವಾರ ಬರ್ರಿ ಅಂತ ಅಂದಿದ್ರಂತ, ನೀವು ಬರ್ತೀವಂದ್ರಂತ. ಎರಡು ಐತವಾರ ಹೋಳಗಿ ಮಾಡಿ ಕುಂತಾರ ಮನಿ ಮಂದಿ ಎಲ್ಲಾ. ಮಾಸ್ತರ್ರು ದೊಡ್ಡ ಕಡೆ ನೋಡಿರಬೇಕು ಬಿಡ್ರಿ ಅಂದ್ರು. ನನಗ ತೆಲಿ ತೆಗ್ಗಿಸೂ ಹಂಗಾತು.’

ನಮ್ಮ ಸೀಮೆಯ ಪದ್ಧತಿ ನಿಮಗೆ ಗೊತ್ತಿರದಿದ್ದರೆ ಹೇಳುತ್ತೇನೆ ಕೇಳಿ. ಇಲ್ಲಿ ಒಬ್ಬರ ಬಾಗಿಲಿನಿಂದ ಇನ್ನೊಬ್ಬರು ಹೊರಬೀಳುವಾಗ ‘ನಮ್ಮ ಕಡೀಗೂ ಬರ್ರಿ’ ಎನ್ನದೆ ಹೋದವರಿಲ್ಲ, ‘ಬರ್ತೀವ್ರಿ’ ಎನ್ನದೆ ಕಳಿಸಿದವರಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವನೂ ಇಳಿಯುವಾಗ ಊಟಕ್ಕೆ ಕರೆದೇ ಇಳಿಯುತ್ತಾನೆ. ನಾವೂ ಬರುತ್ತೇವೆ ಎನ್ನುತ್ತೇವೆ, ಅವನ ಹೆಸರೂ ಗೊತ್ತಿರುವುದಿಲ್ಲ. ಕರೆದವನು ನೀರಿಡುವುದಿಲ್ಲ, ಬರುತ್ತೇನೆಂದವನು ಚಪ್ಪಲಿ ಮೆಟ್ಟುವುದಿಲ್ಲ, ಇಬ್ಬರಿಗೂ ಬೇಜಾರಿಲ್ಲ. ನಾನು ಹೀಗೆ ಬರುತ್ತೇನೆಂದು ಒಪ್ಪಿಕೊಂಡ ಮನೆಗಳಿಗೆಲ್ಲ ಹೋಗಬೇಕೆಂದರೆ ಶಾಲೆಗೆ ರಜೆ ಹಾಕಿ ವರ್ಷಗಟ್ಟಲೆ ತಿರುಗಬೇಕು. ಆದರೆ ಕನ್ಯೆ ನೋಡಲು ಬಂದ ಗಂಡಿನ ತಂದೆ ‘ನಮ್ಮ ಕಡೀಗೂ ಬರ್ರಿ’ ಅಂದರೆ ಅದು ಬೇರೆ ಮಾತು. ಮನೆ ನೋಡಲು ಬನ್ನಿ ಅಂತ ಅದರರ್ಥ. ಹುಡುಗಿ ಒಪ್ಪಿಗೆಯಾದರೆ ಮಾತ್ರ ಆ ಮಾತು ಬರುತ್ತದೆ, ಆಮೇಲೆ ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ಮಠ ನೋಡಿ ಬರಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಅಕ್ಕನ ಮದುವೆಯಲ್ಲಿ ಮನೆ ನೋಡಲು ಹೋಗಿ ಅವರ ಹಿತ್ತಲಿನ ಪೇರಲಹಣ್ಣು ತಿಂದು ಬಂದವನೇ ನಾನು. ಆದರೆ ಅವರು ಅದನ್ನು ಚಪ್ಪಲಿ ಮೆಟ್ಟುತ್ತ ಅಂದರಲ್ಲ. ಚಪ್ಪಲಿ ಮೆಟ್ಟುತ್ತ ಆಡಿದ ಮಾತನ್ನು ನರಗುಂದದಲ್ಲಿ ಯಾರು ಖರೆ ಅಂದುಕೊಳ್ಳುತ್ತಾರೆ? ನಮ್ಮಾಕಿ ಅವತ್ತು ಒಳಗೆ ಅವರ ಮನೆಯವರಿಗೆ ಉಡಿ ತುಂಬುತ್ತಿದ್ದಳು, ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಂಡವನು ನಾನೊಬ್ಬನೇ. ‘ಏನಂದ್ರು ಹೋಗುವಾಗ?’ ಎಂದು ಅವಳು ಕೇಳಿದ್ದಕ್ಕೆ ‘ಏನಿಲ್ಲ, ಬರ್ರಿ ಅಂದ್ರು’ ಅಂದಿದ್ದೆ.

ಈಗ ಅದನ್ನು ಮತ್ತೆ ಹೇಳಿದಾಗ ಅವಳು ಹಣೆ ಹಣೆ ಬಡಿದುಕೊಂಡಳು. ‘ಐತವಾರ ಅಂತ ದಿನಾ ಹೇಳಿ ಕರದ್ರ ಅದು ಸುಮ್ಮಸುಮ್ಮನ ಕರಿಯೂದೇನ್ರಿ? ಹುಡುಗೀ ಬಾಳೇನು ಮಾಡ್ತಿದ್ರಿ ನೀವು’ ಎಂದಳು. ಐತವಾರದವರೆಗೆ ಕಾಯುವ ಪ್ರಶ್ನೆಯೇ ಇರಲಿಲ್ಲ. ಬುಧವಾರ ಬೆಳಿಗ್ಗೆ ರಜೆ ಹಾಕಿ, ಪೇಢೆ ಬಾಳೆಹಣ್ಣು ಕಟ್ಟಿಕೊಂಡು ಇಬ್ಬರೂ ಗಜೇಂದ್ರಗಡಕ್ಕೆ ಹೊರಟೆವು. ವೀಣಾಳಿಗೆ ಜಕ್ಕಲಿಗೆ ಹೋಗಿ ಬರುತ್ತೇವೆ ಎಂದು ಸುಳ್ಳು ಹೇಳಿದೆವು. ಅಲ್ಲಿ ಹೋದ ಮೇಲೆ ಅವರು ಬೇಡವೆಂದರೆ ಎಂಬ ಹೆದರಿಕೆ. ರೋಣದಲ್ಲಿ ಬಸ್ಸು ಬದಲಿಸುವಾಗ ನಾನು ಕಂಟ್ರೋಲರನನ್ನು ಒಂದೇ ಸಲ ಕೇಳಿದೆ, ಅಷ್ಟು ಕುಗ್ಗಿಹೋಗಿದ್ದೆ. ದಾರಿಯುದ್ದಕ್ಕೂ ಎರಡೂ ಬದಿ ಕಡಲೆ ಕಿತ್ತು ಗುಂಪಿ ಹಾಕಿದ್ದರು. ಅವರಿಗೂ ಸುಗ್ಗಿಯ ದಿನ, ದಲಾಲಿ ಅಂಗಡಿಗೆ ಉಸಿರಾಡಲು ಪುರುಸೊತ್ತಿಲ್ಲದ ಹೊತ್ತು. ಅಂಥದರಲ್ಲಿ ಎರಡು ಐತವಾರ ಮನೆಯಲ್ಲಿ ಕೂತಿದ್ದಾರೆ, ನನ್ನ ಸಲುವಾಗಿ.

ಮನೆಯಲ್ಲಿ ಹುಡುಗನ ತಂದೆ ತಾಯಿ ಇಬ್ಬರೂ ಇದ್ದರು. ನೀರು ಕೊಟ್ಟರು, ಕೂಡ್ರಿಸಿದರು, ಮಾತು ಮಾತ್ರ ಬಿಗಿ. ಆ ತಾಯಿ, ‘ಮೊದಲನೇ ಐತವಾರ ಓಣಿ ಮಂದಿ ಉಂಡ್ರು ಹೋಳಗಿ. ಎರಡನೇದ್ದು ಅವರೂ ಒಲ್ಲೆಂದ್ರು’ ಎಂದು ನೆಲ ನೋಡುತ್ತ ಹೇಳಿದರು. ನಾನು ಇದ್ದದ್ದು ಇದ್ದಂತೆ ಹೇಳಿದೆ. ಬರ್ರಿ ಅಂದದ್ದು ಉಪಚಾರದ ಮಾತೆಂದು ತಿಳಿದೆ, ಬರ್ತೀವಿ ಅಂದದ್ದೂ ಉಪಚಾರಕ್ಕೇ ಅಂದೆ. ಹಿರಿಯರು ನನ್ನನ್ನೇ ನೋಡಿದರು.

‘ಮಾಸ್ತರ್ರ, ನಮ್ಮ ಅಂಗಡ್ಯಾಗ ಕಾಗದಾ ಪತ್ರ ಆಮ್ಯಾಲ. ರೈತ ನಾಳೆ ಮಾಲು ತರ್ತೀನಿ ಅಂದ್ರ ನಾನು ವ್ಯಾಪಾರಸ್ಥಗ ಮಾತು ಕೊಟ್ಟಬಿಡ್ತೀನಿ. ಬರ್ತೀನಂದಾವ ಬರ್ಲಿಲ್ಲಂದ್ರ ಮಾಲು ಬ್ಯಾರೆ ಕಡೆ ಹೋತು ಅಂತನ ಲೆಕ್ಕ. ನಮಗ ಬ್ಯಾರೆ ತಿಳಿಯೂದಿಲ್ರಿ.’

‘ಮತ್ತ ಒಂದು ಫೋನರ ಮಾಡಬೇಕಿಲ್ರಿ?’ ನಮ್ಮಾಕಿ ಮೆಲ್ಲಗೆ ಕೇಳಿದಳು.

‘ಗಂಡಿನ ಕಡ್ಯಾವ್ರು ಎರಡೆರಡು ಸಲ ಫೋನ್ ಮಾಡಿ ಕರದ್ರ ಹುಡುಗಗ ಯಾರೂ ಕನ್ಯಾ ಕೊಡವಲ್ರು ಅಂತಾರವ್ವಾ’ ಎಂದರು ಆ ತಾಯಿ.

ನಮ್ಮಾಕಿಗೆ ನಗು ತಡೆಯಲಾಗಲಿಲ್ಲ. ಅವಳನ್ನು ನೋಡಿ ಆ ತಾಯಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹಿರಿಯರ ಬಿಗುವೂ ಸಡಿಲಾಯಿತು. ಆಮೇಲೆ, ‘ನಮ್ಮ ಹುಡುಗ ಎರಡು ವಾರದಿಂದ ಒಂದರ ಸಲ ಸರಿಯಾಗಿ ಉಂಡಿಲ್ರಿ. ದನಕ್ಕ ಔಷಧಾ ಕೊಡಾಂವ, ಇವಗ ಯಾರು ಕೊಡಬೇಕು’ ಅಂದರು. ನನಗೆ ಮಗಳು ಬಿಟ್ಟೆದ್ದ ಅರ್ಧ ರೊಟ್ಟಿ ಕಣ್ಣಮುಂದೆ ಬಂತು. ‘ಔಷಧದ ಅಂಗಡ್ಯಾಕಿ ನಮ್ಮಲ್ಲಿ ಅದಾಳ್ರಿ’ ಎಂದುಬಿಟ್ಟೆ. ಅಲ್ಲಿಗೆ ಮಾತು ಮುಗಿಯಿತು. ಮನೆ ನೋಡಿದೆವು, ಮಾಳಿಗೆ ಹತ್ತಿ ಇಳಿದೆವು, ನಿಂತ ನಿಲುವಿನಲ್ಲಿ ಮಾಡಿದ ರವೆಯ ಸಜ್ಜಕ ಉಂಡೆವು. ನೋಡಿದ್ದರಲ್ಲಿ ನನಗೆ ಒಂದೂ ನೆನಪಿಲ್ಲ. ಒಮ್ಮೆ ಮನೆಗೆ ಹೋಗಿ ವೀಣಾಳಿಗೆ ಹೇಳಿದರೆ ಸಾಕಾಗಿತ್ತು. ಹೇಳಿದೆವು. ಅವಳು ‘ಹೌದಾ’ ಅಂದಳು, ಒಳಗೆ ಹೋದಳು, ತಿರುಗಿ ಬಂದು ‘ಖರೇನಾ?’ ಅಂದಳು. ಆ ರಾತ್ರಿ ಮೂರು ರೊಟ್ಟಿ ಉಂಡಳು. ನಾನು ಎರಡು ವಾರದಲ್ಲಿ ಮೊದಲ ಸಲ ಕುರ್ಚಿಗೆ ಬೆನ್ನು ಹಚ್ಚಿ ಕೂತೆ.

ಮುಂದಿನ ವಾರ ಎರಡೂ ಕಡೆಯವರು ನಮ್ಮ ಮನೆಯಲ್ಲಿ ಕೂಡಿ ದಿನ ನೋಡಲು ಅಯ್ಯನವರನ್ನು ಕರೆಸಿದೆವು. ಅವರು ಪಂಚಾಂಗ ತಿರುವಿ, ಇಬ್ಬರ ಹೆಸರಿಗೂ ಕೂಡುವ ಚಲೋ ಮುಹೂರ್ತ ಯುಗಾದಿಯಾದ ಕೂಡಲೇ ಒಂದಿದೆ, ಅದು ಬಿಟ್ಟರೆ ದೀಪಾವಳಿಯ ಆಚೆಗೆ ಎಂದರು. ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ನನ್ನ ಸ್ವಭಾವ ಅಷ್ಟರಲ್ಲಿ ಗಜೇಂದ್ರಗಡಕ್ಕೂ ಗೊತ್ತಾಗಿತ್ತು. ನಾನು ‘ಅವಸರೇನೈತ್ರಿ, ದೀಪಾವಳಿ ಆದಮ್ಯಾಲ ಮಾಡಿದ್ರಾತು’ ಅಂದೆ. ಅಂದದ್ದು ನಾನೇ ಎಂದು ನನಗೂ ನಂಬಿಕೆ ಬರಲಿಲ್ಲ. ಯುಗಾದಿಗೆ ಉಳಿದಿದ್ದದ್ದು ಕೆಲವೇ ವಾರ. ಅಷ್ಟರಲ್ಲಿ ಈ ಹುಡುಗಿ ಈ ಮನೆಯಿಂದ ಹೊರಟುಬಿಡುತ್ತಾಳೆ ಎಂಬುದು ಇಷ್ಟು ದಿನ ಫೋನು ಫೋನು ಎಂದು ಹಾರಾಡಿದವನಿಗೆ ಒಂದು ಸಲವೂ ಹೊಳೆದಿರಲಿಲ್ಲ. ಅದು ಪಂಚಾಂಗ ನೋಡಿದ ಮೇಲೆ ಹೊಳೆಯಿತು. ಬಿಸಿಲು ಭಾಳ ಇರುತ್ತದೆ ಅಂದೆ, ನೀರಿನ ತೊಂದರೆ ಅಂದೆ, ಪರೀಕ್ಷೆಯ ಪೇಪರು ತಿದ್ದುವುದಿದೆ ಅಂದೆ. ನಮ್ಮಾಕಿ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಳು. ಆಗ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ವೀಣಾ ತಲೆ ತಗ್ಗಿಸಿಕೊಂಡೇ, ಆದರೆ ಎಲ್ಲರಿಗೂ ಕೇಳುವ ಹಾಗೆ, ‘ಅಲ್ಲೀಮಟಾ ಯಾರು ಕಾಯ್ತಾರಪ್ಪಾ’ ಅಂದಳು.

ಯುಗಾದಿಯ ಮುಹೂರ್ತಕ್ಕೇ ಹೂಂ ಅಂದೆ. ಬೇರೆ ಏನು ಅನ್ನಲಿ. ಕಾಯಬಾರದು ಅನ್ನುವುದನ್ನು ಈ ಮನೆಯಲ್ಲಿ ಅವಳಿಗೆ ಕಲಿಸಿದವನು ನಾನೇ.